ಬೆರಳು ನೆಲ ಬಿಟ್ಟರೆ ತಪ್ಪಾ?

ದಾವಣಗೆರೆ, 20 ನವೆಂಬರ್ 2025, ಗುರುವಾರ ರಾತ್ರಿ

ಮೇಷ್ಟ್ರ ಜೊತೆ ವಾದ ಮಾಡಿ ಬಂದಿದ್ದೇನೆ. ಮನಸ್ಸು ಇನ್ನೂ ಅಲ್ಲೇ ಇದೆ. ನನಗೆ ಗ್ಲೌಸ್ ಹಾಕಿಕೊಳ್ಳುವುದನ್ನು ಕಲಿಸಿದವರ ಎದುರು ನಿಂತು 'ಇಲ್ಲ ಸಾರ್, ನಾನು ಒಪ್ಪಲ್ಲ' ಅನ್ನುವುದು ಸುಲಭವಲ್ಲ.

ವಿಷಯ ನಮ್ಮ ಸಾಫ್ಟ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವ ಪುಟ್ಟಿಯ ಬಲಗಾಲು. ಮೊನ್ನೆಯ ಪಂದ್ಯದಲ್ಲಿ ಅಂಪೈರ್ ಎಡಗೈ ಅಡ್ಡ ಚಾಚಿ ಮುಷ್ಟಿ ಕಟ್ಟಿದರು. ಇಲ್ಲೀಗಲ್ ಪಿಚ್, ಅಂದರೆ ನಿಯಮ ಮೀರಿದ ಎಸೆತ. ಬ್ಯಾಟರ್ ಲೆಕ್ಕಕ್ಕೆ ಒಂದು 'ಬಾಲ್' (ಕೆಟ್ಟ ಎಸೆತ), ಬೇಸ್ ಮೇಲಿದ್ದವರಿಗೆ ಒಂದೊಂದು ಬೇಸ್. ಮೂರನೇ ಬೇಸಿನಲ್ಲಿದ್ದ ಹುಡುಗಿ ಆರಾಮಾಗಿ ನಡೆದು ಬಂದು ರನ್ ತಗೊಂಡಳು. ಯಾಕೆ ಅಂತ ಕೇಳಿದ್ದಕ್ಕೆ 'ಕಾಲು ನೆಲ ಬಿಟ್ಟಿತ್ತು' ಅಂದರು, ಅಷ್ಟೇ. ಎಸೆಯುವಾಗ ಹಿಂಗಾಲು ನೆಲಕ್ಕೆ ತಾಗಿಕೊಂಡೇ ಬರಬೇಕು ಅನ್ನುವುದು ಹಳೇ ನಿಯಮ. ಆಮೇಲೆ ಪುಟ್ಟಿ ಕ್ಯಾಚರ್ ಕಡೆ ಸರಿಯಾಗಿ ನೋಡಲೇ ಇಲ್ಲ. ತನ್ನ ಕಾಲನ್ನೇ ನೋಡಿಕೊಂಡು ಎಸೆದಳು. ಚೆಂಡು ಒಮ್ಮೆ ತಲೆ ಮೇಲೆ, ಒಮ್ಮೆ ಮಣ್ಣಿಗೆ. ಸೋತಿದ್ದಕ್ಕೆ ನನಗೆ ಬೇಜಾರಿಲ್ಲ. ಅವಳು ಹೆದರಿದ್ದು ನೋಡಲಾಗಲಿಲ್ಲ.

ಇವತ್ತು ಸಂಜೆ ಮೇಷ್ಟ್ರು ಹೈಸ್ಕೂಲ್ ಮೈದಾನಕ್ಕೆ ವಾಕಿಂಗ್ ಬಂದಿದ್ದರು. ಟೆನಿಸ್ ಬಾಲ್ ಹುಡುಗರು ಬಿಟ್ಟುಕೊಟ್ಟ ಒಂದು ಮೂಲೆಯಲ್ಲಿ ನಮ್ಮ ಅಭ್ಯಾಸ ನಡೆದಿತ್ತು. 'ಸಾರ್, ಐದು ನಿಮಿಷ ನಿಂತು ಇವಳ ಕಾಲು ನೋಡಿ' ಅಂದೆ. ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತರು. ವರ್ಷಗಟ್ಟಲೆ ಅಂಪೈರಿಂಗ್ ಮಾಡಿದವರು, ನಿಲ್ಲುವ ಜಾಗ ಈಗಲೂ ತಪ್ಪುವುದಿಲ್ಲ.

ಪುಟ್ಟಿ ಎಸೆದಳು. ಮೇಷ್ಟ್ರು ಬಗ್ಗಿ ಚೆಂಡನ್ನಲ್ಲ, ಮಣ್ಣನ್ನು ನೋಡಿದರು. ನಾನೂ ಕೂತೆ. ಪಿಚರ್ ಕಾಲಿಟ್ಟು ಎಸೆಯುವ ಪ್ಲೇಟಿನ (ನೆಲದಲ್ಲಿರುವ ಪಟ್ಟಿ) ಮುಂದೆ ಬೆರಳು ಒತ್ತಿ ತಳ್ಳಿದ ಒಂದು ಸಣ್ಣ ಗುಂಡಿ. ಅದರ ಮುಂದೆ ಸುಮಾರು ಒಂದು ಗೇಣು ಮಣ್ಣು ಅಲುಗಾಡಿಯೇ ಇಲ್ಲ. ಅಲ್ಲಿಂದ ಮತ್ತೆ ಶೂ ತುದಿ ಎಳೆದ ತೆಳುವಾದ ಗೆರೆ, ಕೊಂಚ ಒಳಗಡೆಗೆ ಬಾಗಿ ನಿಂತಿತ್ತು.

'ನೋಡವ್ವಾ, ಇಲ್ಲಿ ಗೆರೆ ಕಡಿದೈತೆ. ಕಾಲು ಎದ್ದೈತೆ' ಅಂದರು.

'ಎದ್ದಿದೆ ಸಾರ್. ಆದರೆ ಎರಡನೇ ಗುಂಡಿ ಎಲ್ಲಿದೆ ತೋರಿಸಿ.'

ನನ್ನ ವಾದವೆಲ್ಲ ಇಷ್ಟೇ. ಕ್ರೋ ಹಾಪ್ ಅಂದರೆ ಪಿಚರ್ ಪ್ಲೇಟ್ ಬಿಟ್ಟು ಮುಂದಕ್ಕೆ ಕುಪ್ಪಳಿಸಿ, ಹಿಂಗಾಲನ್ನು ಮತ್ತೆ ನೆಲಕ್ಕೆ ಊರಿ, ಅಲ್ಲಿಂದ ಎರಡನೇ ಸಲ ತಳ್ಳಿ ಎಸೆಯುವುದು. ಅದು ಖಂಡಿತ ಮೋಸ. ಹೆಂಗಸರ ಆಟದಲ್ಲಿ ಪ್ಲೇಟ್‌ನಿಂದ ಬ್ಯಾಟರ್ ಹತ್ತಿರದ ಹೋಮ್ ಪ್ಲೇಟ್‌ಗೆ 43 ಅಡಿ ಅಂತ ಅಳೆದು ಇಟ್ಟಿರುವಾಗ, ಇನ್ನೂ ಹತ್ತಿರ ಹೋಗಿ ಅಲ್ಲಿಂದ ಬಲ ತಗೊಂಡರೆ ಆ ಅಳತೆಗೆ ಬೆಲೆ ಏನು? ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡಿಗೆ ಆ 43 ಅಡಿ ದಾಟಲು ಅರ್ಧ ಸೆಕೆಂಡೂ ಬೇಡ. ಅದರಲ್ಲೂ ಕದ್ದರೆ ಬ್ಯಾಟ್ ಹಿಡಿದ ಮಗು ಏನು ಮಾಡಬೇಕು? ಆದರೆ ಲೀಪ್, ಅಂದರೆ ನೆಗೆತ, ಬೇರೆ. ಅಲ್ಲಿ ಬಲವೆಲ್ಲ ಪ್ಲೇಟಿನಿಂದಲೇ ಬಂದಿರುತ್ತದೆ. ಜೋರಾಗಿ ತಳ್ಳಿದ್ದಕ್ಕೆ ಎರಡೂ ಕಾಲು ಒಂದು ಕ್ಷಣ ಗಾಳಿಯಲ್ಲಿರುತ್ತವೆ. ಹಿಂಗಾಲು ಮತ್ತೆ ತಳ್ಳುವುದಿಲ್ಲ, ಸುಮ್ನೆ ಹಿಂದೆ ಬರುತ್ತದೆ. ಇವೆರಡನ್ನೂ ಒಂದೇ ತಪ್ಪು ಅಂತ ಎಣಿಸಿದ್ದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಇನ್ನೊಂದು ಮಾತು. ಗಂಡಸರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನಲ್ಲಿ ನೆಗೆತಕ್ಕೆ ಎಷ್ಟೋ ವರ್ಷಗಳಿಂದ ಅವಕಾಶ ಇತ್ತು. ಅವರದು 46 ಅಡಿ, ಸರಿ. ಆದರೆ ನೆಗೆದರೆ ಲಾಭ ಅನ್ನುವುದಾದರೆ ಅದು ಅವರಿಗೂ ಲಾಭವೇ ಅಲ್ವಾ? ಹೆಣ್ಣುಮಕ್ಕಳು ಮಾತ್ರ ಬೆರಳು ನೆಲಕ್ಕೆ ಒರೆಸಿಕೊಂಡೇ ಬರಬೇಕು ಅನ್ನುವುದು ಎಲ್ಲಿಂದ ಬಂತು? ಅಮೆರಿಕದಲ್ಲಿ ಹೈಸ್ಕೂಲ್ ಆಟಕ್ಕೂ ಕಾಲೇಜು ಆಟಕ್ಕೂ 2024ರ ಸೀಸನ್‌ನಿಂದ ಇದನ್ನು ಬದಲಾಯಿಸಿದ್ದಾರೆ. ಕಾಲು ಗಾಳಿಯಲ್ಲಿರಲಿ, ಚೆಂಡು ಬಿಡುವ ಮೊದಲು ಮತ್ತೆ ಊರಿ ತಳ್ಳುವ ಹಾಗಿಲ್ಲ ಅಂತ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಮೇಷ್ಟ್ರು ಸಿಟ್ಟಾಗಲಿಲ್ಲ. ಅದೇ ಕಷ್ಟ ಅವರ ಜೊತೆ. ನಿಧಾನವಾಗಿ ಕೇಳಿದರು: 'ಎರಡನೇ ಗುಂಡಿ ಐತೋ ಇಲ್ಲೋ ಅಂತ ನಾವಿಬ್ಬರೂ ಈಗ ಕೂತು ನೋಡಿದ್ವಿ. ಪಂದ್ಯದಾಗೆ ಪ್ರತಿ ಎಸೆತಕ್ಕೂ ಅಂಪೈರ್ ಬಂದು ಕೂತು ನೋಡ್ತಾನೇನವ್ವಾ? ಹೋಮ್ ಪ್ಲೇಟ್ ಹಿಂದೆ ಇರೋನ ಕಣ್ಣು ಚೆಂಡಿನ ಮೇಲೆ ಇರುತ್ತೆ. ಕಾಲು ನೋಡೋನು ಬೇಸ್ ಹತ್ರ ಇರೋನು. ಅವನಿಗೆ ಕಾಣೋದು ಅರೆಗಳಿಗೆ. ಗಾಳಿಯಿಂದ ಇಳಿದ ಕಾಲು ಊರ್ತೋ, ಸುಮ್ನೆ ತಾಗ್ತೋ, ಹೆಂಗೆ ಹೇಳ್ತಾನೆ? ನೆಲ ಬಿಡಬ್ಯಾಡ ಅಂದ್ರೆ ನೋಡೋನಿಗೂ ಸುಲಭ, ಎಸೆಯೋನಿಗೂ ಸುಲಭ.'

ಈ ಮಾತಿಗೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆಮೇಲೆ ಮಾತು ಕ್ರಿಕೆಟ್‌ಗೆ ಹೋಯಿತು. ನಮ್ಮೂರಲ್ಲಿ ಹೋಗದೆ ಇರುತ್ತಾ? ವಿನಯ್ ಕುಮಾರ್ ಊರಿದು. ಇಲ್ಲಿನ ಚಿಕ್ಕ ಹುಡುಗರಿಗೂ ನೋ ಬಾಲ್ ಗೆರೆ ಗೊತ್ತು, ಪಿಚರ್ಸ್ ಪ್ಲೇಟ್ ಅಂದರೆ ಮುಖ ಮುಖ ನೋಡುತ್ತಾರೆ. ಮೇಷ್ಟ್ರೇ ಹಳೇ ಕಥೆ ತೆಗೆದರು. ಹಿಂದೆ ಕ್ರಿಕೆಟ್‌ನಲ್ಲಿ ನೋ ಬಾಲ್‌ಗೆ ಹಿಂಗಾಲು ನೋಡುತ್ತಿದ್ದರಂತೆ. ವೇಗದ ಬೌಲರ್‌ಗಳು ಗೆರೆ ಹಿಂದೆ ಕಾಲೂರಿ, ಅದನ್ನು ಎಳೆದುಕೊಂಡು ಗೆರೆ ದಾಟಿ ಬಹಳ ಮುಂದೆ ಬಂದು ಚೆಂಡು ಬಿಡುತ್ತಿದ್ದರು. 1958-59ರ ಆ್ಯಶಸ್‌ನಲ್ಲಿ ಆಸ್ಟ್ರೇಲಿಯಾದ ಗಾರ್ಡನ್ ರೋರ್ಕ್ ಹೀಗೆ ಎಳೆಯುವುದಕ್ಕೆ ದೊಡ್ಡ ಹೆಸರು. ಆ ಗಲಾಟೆ ತಡೆಯೋಕೆ ಅರವತ್ತರ ದಶಕದಲ್ಲಿ ಮುಂಗಾಲು ನೋಡುವ ನಿಯಮ ಬಂತು.

'ಹಾಗಾದರೆ ನನ್ನ ಮಾತೇ ಸರಿ ಆಯ್ತಲ್ಲ ಸಾರ್' ಅಂದೆ. 'ಎಳೆಯೋ ಕಾಲೂ ಮುಂದೆ ಬರುತ್ತೆ. ನೆಲಕ್ಕೆ ತಾಗಿಕೊಂಡು ಬಂದರೆ ಸಾಚಾ, ಒಂದು ಇಂಚು ಮೇಲೆ ಬಂದರೆ ಕಳ್ಳಿ ಅನ್ನೋದು ಯಾವ ನ್ಯಾಯ?'

'ಅಲ್ಲಿ ಗೆರೆ ಐತೆ ತಾಯಿ. ಇಲ್ಲಿ ಎಲ್ಲಿ ಹಾಕ್ತೀಯ?'

ಅದೂ ನಿಜ. ಪಿಚರ್‌ಗೆ ಅಕ್ಕಪಕ್ಕದ ಮಿತಿ ಇದೆ. ಪ್ಲೇಟಿನ ಅಗಲ 24 ಇಂಚು, ಹೆಜ್ಜೆ ಅಷ್ಟರೊಳಗೇ ಬೀಳಬೇಕು. ಮುಂದಕ್ಕೆ ಎಷ್ಟು ಉದ್ದ ಹೆಜ್ಜೆ ಹಾಕಬಹುದು ಅನ್ನುವುದಕ್ಕೆ ಮಿತಿ ಇಲ್ಲ. ಎತ್ತರದ ಹುಡುಗಿಗೆ ಅದೇ ಒಂದು ವರ. ಅವಳನ್ನು ಯಾರೂ ತಪ್ಪು ಅನ್ನಲ್ಲ. ನಮ್ಮ ಪುಟ್ಟಿ ಗಿಡ್ಡ. ಜೋರಾಗಿ ತಳ್ಳಿಯೇ ಅಷ್ಟು ದೂರ ಹೋಗಬೇಕು. ಹಾಗೆ ತಳ್ಳಿದಾಗ ಮಾತ್ರ ಕಾಲು ಏಳುತ್ತದೆ. ಸಾಧಾರಣ ವೇಗದಲ್ಲಿ ಎಸೆದರೆ ಗೆರೆ ಒಂದು ಚೂರೂ ಕಡಿಯುವುದಿಲ್ಲ, ಇವತ್ತು ಅದನ್ನೂ ತೋರಿಸಿದೆ. ಅಂದರೆ ಅವಳಿಗೆ ಶಿಕ್ಷೆ ಆಗಿದ್ದು ಅವಳ ಅತ್ಯುತ್ತಮ ಎಸೆತಕ್ಕೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವಳು ಎಳೆಯಲ್ಲ ಅನ್ನುವವರು ಅವಳ ಬಲಗಾಲಿನ ಶೂ ನೋಡಲಿ. ಹೆಬ್ಬೆರಳ ಹತ್ತಿರ ಸವೆದು ಸಾಕ್ಸ್ ಕಾಣುತ್ತಿತ್ತು. ಅವರಪ್ಪ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಪಂಕ್ಚರ್ ಹಾಕುವ ಸಲ್ಯೂಷನ್‌ನಲ್ಲಿ ಅಂಟಿಸಿಕೊಟ್ಟಿದ್ದಾರೆ. ಆ ಟ್ಯೂಬೂ ಅಂಚಿನಲ್ಲಿ ಆಗಲೇ ತೆಳ್ಳಗಾಗಿದೆ. ಎಡಗಾಲಿನ ಶೂ ಹೊಸದರ ಹಾಗೇ ಇದೆ.

ನಿಟ್ಟುವಳ್ಳಿ ತನಕ ಅವಳನ್ನು ಗಾಡಿಯಲ್ಲಿ ಬಿಟ್ಟುಬಂದೆ. ದಾರಿಯುದ್ದಕ್ಕೂ ಉಯೆನೊ ಮಾತು. ಅಣ್ಣನ ಮೊಬೈಲ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳಂತೆ. 2008ರ ಒಲಿಂಪಿಕ್ಸ್‌ನಲ್ಲಿ ಎರಡು ದಿನಕ್ಕೆ 413 ಎಸೆತ, ಕೊನೆಗೆ ಚಿನ್ನ. ಸಾಫ್ಟ್‌ಬಾಲನ್ನು ಒಲಿಂಪಿಕ್ಸ್‌ನಿಂದ ತೆಗೆದು, ಮತ್ತೆ ಟೋಕಿಯೊದಲ್ಲಿ ಸೇರಿಸಿದಾಗ ಅದೇ ಉಯೆನೊ 39ನೇ ವಯಸ್ಸಿನಲ್ಲಿ ಇನ್ನೊಂದು ಚಿನ್ನ ಗೆದ್ದರು. 'ಟೀಚರ್, 2028ರಲ್ಲಿ ಮತ್ತೆ ಇದೆ ಅಲ್ವಾ?' ಅಂದಳು. ಇದೆ ಅಂದೆ. ಮೊನ್ನೆಯಿಂದ ಇವತ್ತೇ ಅವಳು ಅಷ್ಟು ಮಾತಾಡಿದ್ದು. ಖುಷಿ ಆಯಿತು. ಮನೆಗೆ ಬಂದರೆ ಕರೆಂಟ್ ಇಲ್ಲ, ಅಮ್ಮನಿಗೆ ಮಂಡಿ ನೋವು, ಅನ್ನ ಮಾತ್ರ ಆಗಿತ್ತು.

ಹೊರಡುವಾಗ ಮೇಷ್ಟ್ರು ಒಂದು ಮಾತು ಒಪ್ಪಿದರು. ಯಾವ ನಿಯಮದ ಮೇಲೆ ಆಡಿಸುತ್ತೀವಿ ಅಂತ ಪಂದ್ಯಕ್ಕೆ ಮೊದಲೇ ಎರಡೂ ತಂಡಕ್ಕೆ ಹೇಳಬೇಕು. ಒಬ್ಬರ ಕೈಯಲ್ಲಿ ಹಳೇ ಜೆರಾಕ್ಸ್, ಇನ್ನೊಬ್ಬರ ಮೊಬೈಲ್‌ನಲ್ಲಿ ಹೊಸ ಪಿಡಿಎಫ್, ಮಧ್ಯೆ ಮಕ್ಕಳು. ಮುಂದಿನ ಸಲ ನಾನೇ ಹೋಗಿ ಕೇಳುತ್ತೇನೆ, ಲಿಖಿತವಾಗಿ ಕೇಳುತ್ತೇನೆ. ಹಳೇ ನಿಯಮ ಅಂದರೆ ಹಳೇ ನಿಯಮವೇ ಸರಿ, ಅದಕ್ಕೆ ತಕ್ಕ ಹಾಗೆ ಆಡುತ್ತೇವೆ.

ಆದರೆ ನಾಳೆ ಬೆಳಿಗ್ಗೆ ಅವಳಿಗೆ ಏನು ಹೇಳಲಿ? ಬೆರಳು ನೆಲಕ್ಕೆ ತಾಗಿಸು ಅಂದರೆ ತಳ್ಳುವುದನ್ನೇ ಕಡಿಮೆ ಮಾಡುತ್ತಾಳೆ. ಹಾಗೇ ಬಿಡು ಅಂದರೆ ಇನ್ನೊಂದು ಪಂದ್ಯದಲ್ಲಿ ಮತ್ತೆ ಅದೇ ಮುಷ್ಟಿ. ಮಂಡಿ ಇನ್ನೂ ಸ್ವಲ್ಪ ಜಾಸ್ತಿ ಬಗ್ಗಿಸಿ, ಮೇಲಕ್ಕಲ್ಲ, ಮುಂದಕ್ಕೆ ತಳ್ಳು ಅಂತ ಹೇಳಿದರೆ ವೇಗ ಉಳಿದು ಕಾಲು ತಗ್ಗಬಹುದು. ಮೊದಲು ಚೆಂಡಿಲ್ಲದೆ, ಬರೀ ಹೆಜ್ಜೆ. ಆಮೇಲೆ ಕೈ ಸುತ್ತುವುದನ್ನು ಸೇರಿಸಬೇಕು.