ನಾಲ್ಕು ದಿನ ಊರಿಗೆ ಹೋದರೆ ಬೆಕ್ಕನ್ನು ನೋಡೋರು ಯಾರು?

ದಸರಾ, ದೀಪಾವಳಿ ಬಂತೆಂದರೆ ಬೆಂಗಳೂರಿನ ಎಷ್ಟೋ ಫ್ಲ್ಯಾಟುಗಳಿಗೆ ಬೀಗ ಬೀಳುತ್ತದೆ. ನಾಯಿ ಸಾಕಿದವರು ತಿಂಗಳ ಮುಂಚೆಯೇ ತಲೆ ಕೆಡಿಸಿಕೊಂಡಿರುತ್ತಾರೆ. ಬೆಕ್ಕಿನವರು ಮಾತ್ರ 'ಬೆಕ್ಕು ತಾನೇ, ಎರಡು ಬಟ್ಟಲು ಜಾಸ್ತಿ ಸುರಿದು ಹೋದರಾಯಿತು' ಅನ್ನುತ್ತಾರೆ. ಆರೋಗ್ಯವಾಗಿರುವ ದೊಡ್ಡ ಬೆಕ್ಕಾದರೆ ಒಂದು ಹಗಲು, ಒಂದು ರಾತ್ರಿಗೆ ಇದು ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ನಡೆಯುವುದಿಲ್ಲ. ಊಟ ಖಾಲಿಯಾಗುತ್ತದೆ ಅನ್ನುವುದು ಇಲ್ಲಿ ದೊಡ್ಡ ಚಿಂತೆಯೇ ಅಲ್ಲ, ಬೆಕ್ಕು ಊಟ ಬಿಟ್ಟದ್ದು ಯಾರ ಕಣ್ಣಿಗೂ ಬೀಳದಿರುವುದು ಚಿಂತೆ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ದಿನಕ್ಕೆ ಒಮ್ಮೆಯಾದರೂ ಬಂದು ನೋಡುವ ಒಬ್ಬರು ಬೇಕೇ ಬೇಕು.

ಎಲ್ಲಿ ಬಿಡುವುದು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಒಂದೇ: ಅದರ ಮನೆಯಲ್ಲೇ. ಬೆಕ್ಕಿಗೆ ಮನುಷ್ಯರಿಗಿಂತ ಜಾಗದ ಗುರುತು ದೊಡ್ಡದು. ಜೊತೆಗೆ ಊರಿಗೇ ಕರೆದೊಯ್ಯುವವರೂ ಇದ್ದಾರೆ. ಹಂಚಿನ ಮನೆ, ಹಗಲಿಡೀ ತೆರೆದಿರುವ ಬಾಗಿಲು, ಅಂಗಳದಲ್ಲಿ ನಾಯಿ, ಅಟ್ಟದಲ್ಲಿ ಇಲಿಪಾಷಾಣ. ಹೊರಗೇ ಕಾಲಿಡದ ಫ್ಲ್ಯಾಟಿನ ಬೆಕ್ಕು ಇಲ್ಲಿ ಒಮ್ಮೆ ತಪ್ಪಿಸಿಕೊಂಡರೆ ಅದಕ್ಕೆ ವಾಪಸ್ ಬರುವ ದಾರಿಯೇ ಗೊತ್ತಿರುವುದಿಲ್ಲ. ತಿಂಗಳುಗಟ್ಟಲೆ ಹೋಗುವುದಾದರೆ ಮಾತು ಬೇರೆ. ಆಗಲೂ ಮೊದಲ ವಾರ ಒಂದೇ ಕೋಣೆ, ಚಿಲಕ ಹಾಕಿದ ಬಾಗಿಲು.

ನೋಡಿಕೊಳ್ಳುವವರು ದುಡ್ಡು ಕೊಟ್ಟು ಕರೆಸುವ ಕ್ಯಾಟ್ ಸಿಟ್ಟರೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಆಂಟಿ, ದಿನಾ ಬರುವ ಮನೆಗೆಲಸದ ಅಕ್ಕ, ಯಾರಾದರೂ ಸರಿ, ಬೆಕ್ಕಿಗೆ ಹೆದರಬಾರದು, ಅಷ್ಟೆ. ಕೆಲಸದವರಿಗೆ ಹೇಳುವುದಾದರೆ ಇದಕ್ಕೆ ಬೇರೆಯೇ ಸಂಬಳ ಕೊಡಿ. 'ಹೇಗೂ ಬರ್ತೀಯಲ್ಲ' ಎಂದು ತಲೆಗೆ ಕಟ್ಟಿದ ಕೆಲಸ ಹಬ್ಬದ ದಿನವೇ ಕೈಕೊಡುತ್ತದೆ, ಅವರಿಗೂ ಹಬ್ಬ ಇರುತ್ತದೆ. ದಿನಕ್ಕೆ ಒಂದು ಸಲ ಅರ್ಧ ಗಂಟೆ ಸಾಕು. 6 ತಿಂಗಳೊಳಗಿನ ಮರಿಯಾದರೆ, ಔಷಧಿ ನಡೆಯುತ್ತಿದ್ದರೆ, ವೆಟ್ ಫುಡ್ (ಪೊಟ್ಟಣದಲ್ಲಿ ಬರುವ ಹಸಿ ಊಟ) ತಿನ್ನುವ ಬೆಕ್ಕಾದರೆ ಎರಡು ಸಲ. ಹೊರಡುವ ಮೊದಲು ನೀವು ಮನೆಯಲ್ಲಿರುವಾಗಲೇ ಒಂದು ದಿನ ಅವರ ಕೈಯಲ್ಲೇ ಪೂರ್ತಿ ಕೆಲಸ ಮಾಡಿಸಿ ನೋಡಿ.

ಊಟದ ಲೆಕ್ಕ ಹೀಗೆ. 4 ಕೆಜಿಯ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಡ್ರೈ ಫುಡ್, ಅಂದರೆ ಒಣ ಕಾಳಿನಂಥ ಊಟ. ಒಂದೊಂದು ಹಿಡಿ ಹಾಕಿ ಅಂದರೆ ಒಬ್ಬೊಬ್ಬರ ಹಿಡಿ ಒಂದೊಂದು ಥರ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ದಿನಕ್ಕೊಂದರಂತೆ ಜಿಪ್ ಕವರಿನಲ್ಲಿ ತುಂಬಿ, ಮೇಲೆ ತಾರೀಕು ಬರೆದಿಡಿ. ವಾಪಸ್ ಬಂದಾಗ 14ನೇ ತಾರೀಕಿನ ಕವರು ಹಾಗೇ ಉಳಿದಿದ್ದರೆ 14ಕ್ಕೆ ಯಾರೂ ಬಂದಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಊಟದ ಬ್ರ್ಯಾಂಡನ್ನು ಈ ಹೊತ್ತಿನಲ್ಲಿ ಬದಲಿಸಬೇಡಿ. ಮೊಸರನ್ನದಲ್ಲಿ ಬೆಳೆದ ಬೆಕ್ಕು ಎಂದು ಅದನ್ನೇ ಕೊಡಿ ಅನ್ನಲೂ ಬೇಡಿ, ಬೆಕ್ಕಿಗೆ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಮಾಂಸದಲ್ಲಿ ಸಿಗುವಂಥದ್ದು, ಅನ್ನದಲ್ಲಿಲ್ಲ. ವೆಟ್ ಫುಡ್ ಬಟ್ಟಲಿನಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಕೂರಬಾರದು, ಮಂಗಳೂರಿನ ಸೆಕೆಯಲ್ಲಿ ಅಷ್ಟೂ ಬೇಡ.

ಇನ್ನು ಇರುವೆ. ಖಾಲಿ ಮನೆಯಲ್ಲಿ ಬೆಕ್ಕಿನ ಬಟ್ಟಲಿಗೆ ಅರ್ಧ ದಿನದಲ್ಲಿ ಸಾಲು ಹತ್ತುತ್ತದೆ. ಇರುವೆ ಮುತ್ತಿದ್ದನ್ನು ಬೆಕ್ಕು ಮುಟ್ಟುವುದಿಲ್ಲ, ಬಂದವರು 'ಊಟ ಬಿಟ್ಟಿದೆ' ಎಂದು ಗಾಬರಿಯಿಂದ ಫೋನ್ ಮಾಡುತ್ತಾರೆ. ಅಗಲವಾದ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ನಡುವೆ ಬಟ್ಟಲಿಟ್ಟರೆ ಮುಗಿಯಿತು. ತಟ್ಟೆಯ ಅಂಚು ಗೋಡೆಗೆ ತಾಗಬಾರದು. ಸುತ್ತ ಇರುವೆ ಚಾಕ್‌ಪೀಸಿನ ಗೆರೆ ಎಳೆಯುವುದಂತೂ ಬೇಡವೇ ಬೇಡ. ಅದರಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ, ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಕಡಿಮೆ. ಗೆರೆ ತುಳಿದ ಕಾಲನ್ನು ಅದು ಆಮೇಲೆ ನೆಕ್ಕುತ್ತದೆ.

ನೀರು ದಿನಕ್ಕೆ ಸುಮಾರು 200 ಮಿಲಿ ಬೇಕು, ವೆಟ್ ಫುಡ್ ತಿಂದರೆ ಅದರಿಂದಲೇ ಬಹುಪಾಲು ಸಿಗುತ್ತದೆ. ಎರಡು ಮೂರು ಕಡೆ ಅಗಲ ಬಟ್ಟಲುಗಳಲ್ಲಿಡಿ. ಕಾರಂಜಿ ಥರದ ವಾಟರ್ ಫೌಂಟನ್ ಇದ್ದರೂ ಬಟ್ಟಲು ಇರಲಿ. ಕರೆಂಟು ಹೋದರೆ ಅದು ನಿಲ್ಲುತ್ತದೆ, ನೀರು ತಳ ಕಂಡರೆ ಪಂಪು ಸುಟ್ಟುಹೋಗುತ್ತದೆ. ಆಟೊಮ್ಯಾಟಿಕ್ ಫೀಡರಿಗೂ ಅದೇ ಮಾತು: ಬ್ಯಾಟರಿ ಹಾಕಿಡಿ, ಆದರೆ ಮನುಷ್ಯರ ಬದಲಿಗೆ ಅದನ್ನು ನಂಬಬೇಡಿ.

ಈಗ ಮುಖ್ಯ ಮಾತಿಗೆ ಬರೋಣ, ಲಿಟರ್ ಬಾಕ್ಸಿಗೆ, ಅಂದರೆ ಬೆಕ್ಕು ಉಚ್ಚೆ, ಕಕ್ಕ ಮಾಡುವ ಮರಳಿನಂಥ ಪುಡಿಯ ಡಬ್ಬಕ್ಕೆ. ಬಂದವರು ಮೊದಲು ನೋಡಬೇಕಾದದ್ದು ಇದನ್ನೇ, ಬೆಕ್ಕಿನ ಮುಖವನ್ನಲ್ಲ. ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರನ್ನು 6-7 ಸೆಂಟಿಮೀಟರ್ ಆಳಕ್ಕೆ ಹಾಕಿಡಿ. ಕಡಿಮೆ ಹಾಕಿದರೆ ಉಂಡೆ ತಳಕ್ಕೆ ಅಂಟಿ ಒಡೆದು ಪುಡಿಯಾಗುತ್ತದೆ, ಲೆಕ್ಕ ಸಿಗುವುದಿಲ್ಲ. ಯಾಕೆಂದರೆ ಎಣಿಸಬೇಕಾದದ್ದು ಈ ಉಂಡೆಗಳನ್ನು. ಸಾಮಾನ್ಯವಾಗಿ ದಿನಕ್ಕೆ ಉಚ್ಚೆಯ ಉಂಡೆ ಎರಡರಿಂದ ನಾಲ್ಕು, ಕಕ್ಕ ಒಂದು ಸಲ. ನಿಮ್ಮ ಬೆಕ್ಕಿನ ಲೆಕ್ಕವೇನೆಂದು ಹೊರಡುವ ಮುಂಚಿನ ವಾರ ನೀವೇ ಎಣಿಸಿ ಬರೆದಿಡಿ. ಬಂದವರು ಜರಡಿ ಸೌಟಿನಲ್ಲಿ ಎತ್ತುವ ಮೊದಲು ಒಂದು ಫೋಟೊ ತೆಗೆದು ವಾಟ್ಸಾಪಿಗೆ ಹಾಕಲಿ. ಬೆಕ್ಕಿನ ಮುದ್ದು ಫೋಟೊ ಆಮೇಲೆ. ಎತ್ತಿದ್ದನ್ನು ಕಮೋಡಿಗೆ ಹಾಕಬಾರದು ಅಂತಲೂ ಹೇಳಿಡಿ, ಬೆಂಟೊನೈಟ್ ಉಬ್ಬಿ ಪೈಪು ಕಟ್ಟುತ್ತದೆ.

ಗಂಡು ಬೆಕ್ಕಾದರೆ ಈ ಲೆಕ್ಕ ಪ್ರಾಣದ ಲೆಕ್ಕ. ಅದರ ಮೂತ್ರನಾಳ ಬಹಳ ಸಣ್ಣ. ಮನೆಯವರಿಲ್ಲದ ಗಾಬರಿ, ಕಡಿಮೆ ನೀರು, ಇವೆರಡೂ ಸೇರಿದರೆ ಕೆಲವು ಬೆಕ್ಕುಗಳಿಗೆ ನಾಳ ಕಟ್ಟಿಕೊಳ್ಳುತ್ತದೆ. ಮತ್ತೆ ಮತ್ತೆ ಬಾಕ್ಸಿಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಅರಚುತ್ತದೆ, ಕೆಳಗೆ ನೆಕ್ಕಿಕೊಳ್ಳುತ್ತದೆ. ಲಿಟರಿನಲ್ಲಿ ಮಾತ್ರ ಉಂಡೆ ಇಲ್ಲ, ಇದ್ದರೂ ಒಂದು ರೂಪಾಯಿ ನಾಣ್ಯದಷ್ಟು. ನೋಡುವವರಿಗೆ ಮಲಬದ್ಧತೆ ಅನ್ನಿಸುತ್ತದೆ. 'ನಾಳೆ ಬೆಳಗ್ಗೆ ನೋಡೋಣ' ಅನ್ನುವಂತಿಲ್ಲ, ಆ ಕ್ಷಣವೇ ಡಾಕ್ಟರ ಹತ್ತಿರ ಒಯ್ಯಬೇಕು. ಒಂದೆರಡು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಅದಕ್ಕೇ ಬೆಕ್ಕನ್ನು ಒಯ್ಯುವ ಕ್ಯಾರಿಯರ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಹಾಲ್‌ನಲ್ಲಿಡಿ, ಎರಡು ವಾರ ಮೊದಲೇ ಇಟ್ಟರೆ ಬೆಕ್ಕು ಅದರಲ್ಲಿ ಮಲಗಿ ರೂಢಿಯಾಗುತ್ತದೆ. ರಾತ್ರಿ, ಹಬ್ಬದ ದಿನ ಯಾವ ಆಸ್ಪತ್ರೆ ತೆರೆದಿರುತ್ತದೆಂದು ಮೊದಲೇ ಫೋನ್ ಮಾಡಿ ಕೇಳಿ. ಚಿಕಿತ್ಸೆಗೆ ಒಪ್ಪಿಗೆ ಇದೆ, ಇಷ್ಟು ಖರ್ಚಿನವರೆಗೆ ಕೇಳದೆ ಮುಂದುವರಿಯಿರಿ ಎಂದು ಸಹಿ ಮಾಡಿದ ಚೀಟಿಯನ್ನು ಲಸಿಕೆ ಕಾರ್ಡಿನ ಜೊತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಮನೆಯೊಳಗಿನ ಅಪಾಯಗಳಲ್ಲಿ ಮೊದಲನೆಯದು ಗಾಳಿಗೆ ಧಡಾರನೆ ಮುಚ್ಚಿಕೊಳ್ಳುವ ಬಾಗಿಲು. ಬೆಕ್ಕು ಬೆಡ್‌ರೂಮಿನಲ್ಲಿ, ನೀರು ಮತ್ತು ಬಾಕ್ಸು ಹಾಲ್‌ನಲ್ಲಿ. ಬಾಗಿಲಿನ ಹಿಡಿಯನ್ನು ಹಳೇ ವೇಲಿನಿಂದ ಮಂಚದ ಕಾಲಿಗೆ ಕಟ್ಟಿ. ಹವಾಯಿ ಚಪ್ಪಲಿ ತುರುಕಿದರೆ ಬೆಕ್ಕೇ ಅದನ್ನು ಆಡಿ ಎಳೆದುಹಾಕುತ್ತದೆ. ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಇದೆಯಲ್ಲ ಎಂದು ಧೈರ್ಯ ಬೇಡ: ಬಿಸಿಲಿಗೆ ಅದರ ದಾರ ಪುಡಿಯಾಗಿರುತ್ತದೆ, ಮೂಲೆಯ ಕೊಂಡಿ ಸಡಿಲಾಗಿರುತ್ತದೆ. ಬಾಲ್ಕನಿ ಬಾಗಿಲನ್ನೇ ಮುಚ್ಚಿ. ಸರಿಯುವ ಸೊಳ್ಳೆ ಪರದೆಯನ್ನು ಬೆಕ್ಕು ಉಗುರು ಸಿಕ್ಕಿಸಿ ಸರಿಸಬಲ್ಲದು, ಅದಕ್ಕೂ ತಡೆ ಬೇಕು. ವಾಷಿಂಗ್ ಮಷೀನು, ಮಂಚದ ಕೆಳಗಿನ ಸ್ಟೋರೇಜು, ಕಪಾಟು, ಇವುಗಳನ್ನು ಮುಚ್ಚುವ ಮುನ್ನ ಒಳಗೆ ಕೈಯಾಡಿಸಿ. ಬಂದವರಿಗೂ ಒಂದೇ ಕಟ್ಟಳೆ: ಬೆಕ್ಕನ್ನು ಕಣ್ಣಾರೆ ನೋಡದೆ ಹೊರಗಿನ ಬೀಗ ಹಾಕುವಂತಿಲ್ಲ. ಬೀಗದ ಕೈ ಎರಡು ಕಡೆ ಇರಲಿ, ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರಿಗೆ. ವಾಚ್‌ಮನ್‌ಗೆ ಇಬ್ಬರ ಹೆಸರೂ, ತಾರೀಕುಗಳೂ ಗೊತ್ತಿರಬೇಕು.

ದೀಪಾವಳಿಯಾದರೆ ಕತ್ತಲಾಗುವ ಮೊದಲೇ ಬಂದು ಕಿಟಕಿ, ಪರದೆ ಮುಚ್ಚಿ ಹೋಗಲಿ. ಒಂದು ರಟ್ಟಿನ ಡಬ್ಬಿಯಲ್ಲಿ ನೀವು ಉಟ್ಟು ತೊಳೆಯದ ಬಟ್ಟೆ ಹಾಸಿಡಿ. ಅಡಗಿ ಕೂತ ಬೆಕ್ಕನ್ನು ಎಳೆಯುವುದು ಬೇಡ. ತೀರಾ ನಡುಗುವ ಬೆಕ್ಕಿಗೆ ಡಾಕ್ಟರು ಗಾಬರಿ ತಗ್ಗಿಸುವ ಗ್ಯಾಬಪೆಂಟಿನ್ ಔಷಧಿ ಬರೆದುಕೊಡುವುದುಂಟು. ಅದನ್ನು ನೀವಿರುವಾಗ ಒಮ್ಮೆ ಕೊಟ್ಟು ನೋಡಿ. ಮನುಷ್ಯರ ಮಾತ್ರೆಯ ಸುದ್ದಿಗೆ ಯಾರೂ ಹೋಗದಂತೆ ಎಚ್ಚರಿಸಿ, ಜ್ವರದ ಒಂದು ಪ್ಯಾರಸಿಟಮಾಲ್ ಸಾಕು, ಬೆಕ್ಕು ಸತ್ತೇಹೋಗಬಹುದು.

ಯಾರೂ ಸಿಗದೆ ದುಡ್ಡಿಗೆ ಬೆಕ್ಕನ್ನು ಇರಿಸಿಕೊಳ್ಳುವ ಬೋರ್ಡಿಂಗೇ ಗತಿ ಅನ್ನುವವರು ತಿಂಗಳ ಮುಂಚೆ ಜಾಗ ಹಿಡಿಯಬೇಕು. ಟ್ರೈಕ್ಯಾಟ್ (ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಹಾಕುವ ಲಸಿಕೆ) ಮತ್ತು ರೇಬೀಸ್ ಲಸಿಕೆ ಬಾಕಿಯಿದ್ದರೆ ಎರಡು ಮೂರು ವಾರ ಮೊದಲೇ ಹಾಕಿಸಿ, ಹಿಂದಿನ ದಿನ ಹಾಕಿಸಿದ್ದು ಕಾಯುವುದಿಲ್ಲ. ಜಾಗಕ್ಕೆ ಹೋಗಿ ನೋಡುವಾಗ ಕಿವಿಗೊಟ್ಟು ಕೇಳಿ: ಬೆಕ್ಕಿನ ಕೋಣೆಗೆ ನಾಯಿ ಬೊಗಳುವುದು ಕೇಳಿಸಿದರೆ ಆ ಜಾಗ ಬೇಡ. ಹೊರಬಾಗಿಲಿಗೂ ಬೆಕ್ಕಿನ ಕೋಣೆಗೂ ನಡುವೆ ಇನ್ನೊಂದು ಬಾಗಿಲು ಇರಬೇಕು.

ವಾಪಸ್ ಬಂದ ದಿನ ಬ್ಯಾಗುಗಳನ್ನು ನೆಲಕ್ಕಿಡಬೇಡಿ. ಪರವೂರಿನ ವಾಸನೆಯ ಬ್ಯಾಗಿನ ಮೇಲೆ ಉಚ್ಚೆ ಹೊಯ್ಯುವ ಬೆಕ್ಕುಗಳಿವೆ. ಬೆಕ್ಕನ್ನು ಎತ್ತಿಕೊಂಡು ತೂಕದ ಮಷೀನಿನ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಹೊರಡುವಾಗ 4 ಕೆಜಿ ಇದ್ದದ್ದು 3 ಕೆಜಿ 800 ಗ್ರಾಮಿಗೋ ಅದಕ್ಕಿಂತ ಕೆಳಗೋ ಇಳಿದಿದ್ದರೆ, ವಾಟ್ಸಾಪಿನ ಆ ಲಿಟರ್ ಫೋಟೊಗಳನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.