ಸ್ಟೀಲ್ ಗಿಟಾರ್ ನುಡಿಸಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ?

ಹಳೇ ಅಮೆರಿಕನ್ ಕಂಟ್ರಿ ಹಾಡುಗಳ ಬಗ್ಗೆ ಬರೆದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ: "ರೆಕಾರ್ಡ್ ಮೇಲೆ ಗಾಯಕನ ಹೆಸರು ಬಿಟ್ಟು ಬೇರೇನೂ ಇಲ್ಲ. ಸ್ಟೀಲ್ ಗಿಟಾರ್ ಇಂಥವರದ್ದೇ ಅಂತ ಹೇಗೆ ಹೇಳ್ತೀರಿ? ಕೇಳಿದ ತಕ್ಷಣ ಗೊತ್ತಾಗಿಬಿಡುತ್ತಾ?"

ಇಲ್ಲ. ಕಿವಿಯ ಮಾತನ್ನು ನಾನು ಕೊನೆಗೆ ಕೇಳುತ್ತೇನೆ. ಮೊದಲು ತಾರೀಖು, ಆಮೇಲೆ ಊರು, ಆಮೇಲೆ ವಾದ್ಯ. ಇವು ಮೂರೂ ಸೇರಿ ಹತ್ತು ಹೆಸರನ್ನು ಎರಡಕ್ಕೆ ಇಳಿಸಿದರೆ ಆಗ ಕಿವಿಯ ಸರದಿ. ನೇರವಾಗಿ ಕಿವಿಯಿಂದ ಶುರು ಮಾಡಿದರೆ ನಮಗೆ ಇಷ್ಟವಾದ ವಾದಕನೇ ಎಲ್ಲ ಹಾಡಲ್ಲೂ ಕೇಳಿಸುತ್ತಾನೆ.

ವಾದ್ಯದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದರಲ್ಲಿ ಬೆರಳಿನಿಂದ ತಂತಿ ಒತ್ತುವುದಿಲ್ಲ, ಉಕ್ಕಿನ ಬಾರ್ ಒಂದನ್ನು ತಂತಿಗಳ ಮೇಲೆ ಜಾರಿಸುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ಬೆಳೆದ ಪದ್ಧತಿ ಇದು. ಇದನ್ನು ಶುರು ಮಾಡಿದವನು ಜೋಸೆಫ್ ಕೆಕುಕು ಅನ್ನುತ್ತಾರೆ. ಅಲ್ಲಿಂದ ಒಂದು ಕವಲು ಅಮೆರಿಕದ ಕಂಟ್ರಿ ಸಂಗೀತಕ್ಕೆ ಹೋಯಿತು, ಇನ್ನೊಂದು ಕಲ್ಕತ್ತಕ್ಕೆ ಬಂತು. ಹಳೇ ಹಿಂದಿ ಸಿನಿಮಾ ಹಾಡುಗಳ ಹವಾಯಿಯನ್ ಗಿಟಾರ್, ವಿಶ್ವಮೋಹನ ಭಟ್ಟರ ಮೋಹನವೀಣೆ ಎಲ್ಲವೂ ಈ ಕುಟುಂಬದವೇ. ಹಾಗಾಗಿ ನಮಗೆ ಇದು ತೀರಾ ಹೊರಗಿನದ್ದಲ್ಲ. ಜಾರು ಎಲ್ಲಿ ಹೊರಟು ಎಲ್ಲಿ ನಿಲ್ಲುತ್ತದೆ ಅಂತ ಗಮನಿಸುವ ಅಭ್ಯಾಸ ಕರ್ನಾಟಕ ಸಂಗೀತ ಕೇಳುವವರಿಗೆ ಇದ್ದೇ ಇರುತ್ತದೆ, ಅಲ್ವಾ? ಅದು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆ ಕಾಲದ ರೆಕಾರ್ಡುಗಳಲ್ಲಿ ಪಕ್ಕವಾದ್ಯದವರ ಹೆಸರು ಹಾಕುವ ರೂಢಿ ಇರಲಿಲ್ಲ. ನಮ್ಮ ಹಳೇ ಸಿನಿಮಾ ಹಾಡಿನ ರೆಕಾರ್ಡ್ ಮೇಲೆ ಕೊಳಲು ಯಾರದು ಅಂತ ಬರೆದಿರುತ್ತಿತ್ತಾ? ಹಾಗೇ. ಪುಣ್ಯಕ್ಕೆ ತಂಡ ನಡೆಸುತ್ತಿದ್ದ ಬಾಬ್ ವಿಲ್ಸ್‌ನಂಥ ಒಬ್ಬಿಬ್ಬರು ಹಾಡಿನ ಮಧ್ಯೆಯೇ ವಾದಕನ ಹೆಸರು ಕೂಗುತ್ತಿದ್ದರು. 1936ರ 'ಸ್ಟೀಲ್ ಗಿಟಾರ್ ರ್‍ಯಾಗ್' ಹಾಕಿ ನೋಡಿ. ಲಿಯಾನ್ ಅಂತ ಹೆಸರು ಹಿಡಿದು ವಿಲ್ಸ್ ಕೂಗುವುದು ಕೇಳಿಸುತ್ತದೆ. ಲಿಯಾನ್ ಮೆಕಾಲಿಫ್ ಅಂತ ಬರೆದುಕೊಂಡರೆ ಆಯಿತು. ಎಲ್ಲರೂ ಹೀಗೆ ಕೂಗಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಉಳಿದ ಹಾಡುಗಳಿಗೆ ದೊಡ್ಡ ಆಧಾರ ಸಂಬಳದ ಕಾಗದ. ಕಂಟ್ರಿ ಹಾಡುಗಳ ರೆಕಾರ್ಡಿಂಗ್‌ಗೆ ಹೆಸರಾದ ನ್ಯಾಶ್‌ವಿಲ್‌ನಲ್ಲಿ ವಾದಕರ ಯೂನಿಯನ್ ಗಟ್ಟಿಯಾಗಿತ್ತು. ಒಂದು ಸೆಷನ್, ಅಂದರೆ ರೆಕಾರ್ಡಿಂಗ್ ಸರದಿ, 3 ಗಂಟೆ, ಅದರಲ್ಲಿ ಸಾಮಾನ್ಯವಾಗಿ 3–4 ಹಾಡು. ಯಾರು ಬಂದರು, ಯಾವ ದಿನ, ಯಾವ ಸ್ಟುಡಿಯೋ, ಯಾವ ಹಾಡು ಅಂತ ಕಂಪನಿ ಯೂನಿಯನ್‌ಗೆ ಬರೆದುಕೊಡಬೇಕಿತ್ತು, ಇಲ್ಲದಿದ್ದರೆ ದುಡ್ಡಿನ ಲೆಕ್ಕ ಮುಗಿಯುತ್ತಿರಲಿಲ್ಲ. ಸಂಗೀತದ ಇತಿಹಾಸ ಉಳಿಯಲಿ ಅಂತ ಯಾರೂ ಮಾಡಿದ್ದಲ್ಲ. ಆದರೂ ಉಳಿಯಿತು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ತರುವ ದಪ್ಪ ಬಾಕ್ಸ್ ಸೆಟ್‌ಗಳಲ್ಲಿ ಹಾಡು ಹಾಡಿಗೂ ವಾದಕರ ಪಟ್ಟಿ ಕೊಡುತ್ತಾರಲ್ಲ, ಅದಕ್ಕೆ ಇಂಥ ಕಾಗದಗಳೇ ಬುನಾದಿ. ಆದರೆ ಅವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹೆಸರು ಇರುತ್ತದೆ, ಯಾವ ವಾದ್ಯ ಅಂತ ಎಷ್ಟೋ ಸಲ ಇರುವುದಿಲ್ಲ. ಆಮೇಲೆ ಸೇರಿಸಿದ ವಾದ್ಯ ಬೇರೆ ದಿನದ ಕಾಗದದಲ್ಲಿರುತ್ತದೆ.

ಈಗ ತಾರೀಖು ಎಷ್ಟು ಮುಖ್ಯ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ. ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡು ಅಂದರೆ ಸ್ಟೀಲ್ ಡಾನ್ ಹೆಲ್ಮ್ಸ್‌ನದ್ದೇ ಅಂತ ಬಹಳ ಜನ ಸುಮ್ನೆ ಬರೆದುಬಿಡುತ್ತಾರೆ. ಹ್ಯಾಂಕ್‌ನ ಡ್ರಿಫ್ಟಿಂಗ್ ಕೌಬಾಯ್ಸ್ ತಂಡದಲ್ಲಿ ಅವನೇ ಇದ್ದ, ಫೋಟೋದಲ್ಲೂ ಅವನೇ ಇದ್ದಾನೆ. ಹ್ಯಾಂಕ್‌ನ ಹೆಚ್ಚಿನ ಹಾಡುಗಳಲ್ಲಿ ಅವನೇ ಹೌದು. ಆದರೆ ಹ್ಯಾಂಕ್‌ಗೆ ಹೆಸರು ತಂದ 'ಲವ್‌ಸಿಕ್ ಬ್ಲೂಸ್' ರೆಕಾರ್ಡ್ ಆಗಿದ್ದು 1948ರ ಡಿಸೆಂಬರ್ 22ರಂದು, ನ್ಯಾಶ್‌ವಿಲ್‌ನಲ್ಲಲ್ಲ, ಸಿನ್ಸಿನಾಟಿಯ ಹರ್ಜಾಗ್ ಸ್ಟುಡಿಯೋದಲ್ಲಿ. ನುಡಿಸಿದ್ದು ಆಗ ಆ ಊರಲ್ಲಿದ್ದ ವಾದಕರು. ಸ್ಟೀಲ್ ಹಿಡಿದಿದ್ದವನು ಜೆರ್ರಿ ಬರ್ಡ್. 'ಐಮ್ ಸೋ ಲೋನ್ಸಮ್ ಐ ಕುಡ್ ಕ್ರೈ' ಕೂಡ ಅಲ್ಲೇ, 1949ರ ಆಗಸ್ಟ್ 30ರಂದು. ಅದರಲ್ಲೂ ಬರ್ಡ್. ಹೆಲ್ಮ್ಸ್ ಅಷ್ಟು ಹೊತ್ತಿಗೆ ಹ್ಯಾಂಕ್ ಜೊತೆ ಊರೂರು ತಿರುಗುತ್ತಿದ್ದ, ಆದರೂ ರೆಕಾರ್ಡಿಂಗ್‌ನಲ್ಲಿ ಅವನಿಲ್ಲ. 1950ರ ಜನವರಿಯ ನ್ಯಾಶ್‌ವಿಲ್ ಸೆಷನ್‌ನಿಂದ ಹೆಲ್ಮ್ಸ್ ಬರುತ್ತಾನೆ.

ಇಷ್ಟು ಗೊತ್ತಾದ ಮೇಲೆ ಕಿವಿಗೊಟ್ಟರೆ ವ್ಯತ್ಯಾಸ ಮುಖಕ್ಕೆ ಹೊಡೆಯುತ್ತದೆ. ಬರ್ಡ್‌ನ ಬಾರ್ ಅವಸರ ಮಾಡುವುದಿಲ್ಲ. ಸ್ವರದ ನಡುಕ ನಿಧಾನ, ಅಗಲ, ದುಂಡಗೆ. ಹವಾಯಿ ಅವನ ಕೈಯಲ್ಲಿತ್ತು. ಕೊನೆಗೆ 1972ರಲ್ಲಿ ಅಲ್ಲಿಗೇ ಹೋಗಿ ನೆಲೆಸಿದ. ಹೆಲ್ಮ್ಸ್ ಹಾಗಲ್ಲ. ಗಿಬ್ಸನ್ ಕನ್ಸೋಲ್ ಗ್ರ್ಯಾಂಡ್ ಅನ್ನುವ ಸ್ಟೀಲ್ ಗಿಟಾರ್ ಮೇಲೆ ತಾರಸ್ಥಾಯಿಯಲ್ಲಿ, ಚೂಪಾಗಿ, ಕೂಗುವ ಹಾಗೆ ನುಡಿಸುತ್ತಾನೆ. ಇದು ಬರೀ ಅವನ ರುಚಿಯಲ್ಲ. ಹ್ಯಾಂಕ್‌ನ ದನಿ ಇರುವ ಸ್ಥಾಯಿಗೆ ಇಳಿಯಬೇಡ, ಮೇಲೇ ಇರು ಅಂತ ನಿರ್ಮಾಪಕ ಫ್ರೆಡ್ ರೋಸ್ ಅವನಿಗೆ ಹೇಳಿದ್ದ. 1952ರ 'ಯುವರ್ ಚೀಟಿನ್ ಹಾರ್ಟ್' ಶುರುವಾಗುವ ರೀತಿ ಕೇಳಿ, ರೋಸ್ ಹೇಳಿದ್ದು ಅರ್ಥವಾಗುತ್ತದೆ. ಆದರೂ ಒಂದು ಕೊಕ್ಕೆ ಇದೆ. ಹ್ಯಾಂಕ್ 1953ರ ಜನವರಿ 1ರಂದು ತೀರಿಕೊಂಡ ಮೇಲೆ, ಅವನು ಒಂಟಿ ಗಿಟಾರ್ ಹಿಡಿದು ಹಾಡಿಟ್ಟಿದ್ದ ಡೆಮೊಗಳಿಗೆ ಕಂಪನಿ ಪಕ್ಕವಾದ್ಯ ಕೂರಿಸಿ ಹೊರತಂದಿತು. ಆ ಹಾಡುಗಳಲ್ಲಿ ಗಾಯಕನ ತಾರೀಖು ಬೇರೆ, ಸ್ಟೀಲ್‌ನ ತಾರೀಖು ಬೇರೆ.

ಇನ್ನು ವಾದ್ಯವೇ ಕೊಡುವ ಸುಳಿವು. ಬರೀ ಬಾರ್ ಇದ್ದಾಗ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ಬಾರ್ ಓರೆ ಹಿಡಿದು ಒಂದಿಷ್ಟು ಆಟ ಆಡಬಹುದು, ಅಷ್ಟೇ. ಪೆಡಲ್ ಸ್ಟೀಲ್‌ನಲ್ಲಿ ಕಾಲಿನಿಂದ ಪೆಡಲ್ ತುಳಿದರೆ ಒಂದೆರಡು ತಂತಿಗಳ ಶ್ರುತಿ ಮಾತ್ರ ಏರುತ್ತದೆ. ಒಂದು ಸ್ವರ ಅಲ್ಲಾಡದೆ ನಿಂತಿರುತ್ತದೆ, ಪಕ್ಕದ್ದು ಜಾರಿ ಬಂದು ಅದರ ಜೊತೆ ಸೇರುತ್ತದೆ. ಪೆಡಲ್ ಇದ್ದ ವಾದ್ಯಗಳು ಮೊದಲೇ ಇದ್ದವು, ಸ್ಪೀಡಿ ವೆಸ್ಟ್ 1948ರಲ್ಲೇ ಬಿಗ್ಸ್‌ಬಿ ಮಾಡಿಕೊಟ್ಟ ಒಂದನ್ನು ನುಡಿಸುತ್ತಿದ್ದ. ಆದರೆ ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದು ಆ ಜಾರನ್ನು ಹಿಟ್ ಹಾಡಿನಲ್ಲಿ ಎಲ್ಲರಿಗೂ ಕೇಳಿಸಿದವನು ಬಡ್ ಐಸಾಕ್ಸ್. ಹಾಡು ವೆಬ್ ಪಿಯರ್ಸ್‌ನ 'ಸ್ಲೋಲಿ', ರೆಕಾರ್ಡ್ ಆಗಿದ್ದು 1953ರ ಕೊನೆಗೆ, ಗೆದ್ದಿದ್ದು 1954ರಲ್ಲಿ. ಅದಾದ ಮೇಲೆ ಎಲ್ಲರಿಗೂ ಪೆಡಲ್ ಬೇಕಾಯಿತು. ಹಾಗಾಗಿ 1951ರ ಹಿಟ್ ಅನ್ನುವ ಹಾಡಿನಲ್ಲಿ ಇಂಥ ಜಾರು ತುಂಬಿದ್ದರೆ ನನಗೆ ಮೊದಲ ಅನುಮಾನ ತಾರೀಖಿನ ಮೇಲೆ. ಹಳೇ ಗಾಯಕರು ತಮ್ಮ ಹಿಟ್‌ಗಳನ್ನೇ ವರ್ಷಗಳ ನಂತರ ಬೇರೆ ಕಂಪನಿಗೆ ಮತ್ತೆ ಹಾಡಿಕೊಟ್ಟದ್ದು ಜಾಸ್ತಿ. ಈಗಿನ ಆ್ಯಪ್‌ಗಳಲ್ಲಿ ಎರಡೂ ಒಂದೇ ಹೆಸರಲ್ಲಿ ಕೂತಿರುತ್ತವೆ.

ಜನ ಜಾಸ್ತಿ ಎಡವುವುದು ಗಾಯಕನಿಗೊಬ್ಬ ಖಾಯಂ ವಾದಕ ಇದ್ದ ಅಂದುಕೊಂಡಾಗ. ಪ್ಯಾಟ್ಸಿ ಕ್ಲೈನ್ ಹಾಡಿದ ಮೂರು ಹಾಡು ತಗೊಳ್ಳಿ. 1956ರ 'ವಾಕಿನ್ ಆಫ್ಟರ್ ಮಿಡ್‌ನೈಟ್'ನಲ್ಲಿ ನಮ್ಮ ಅದೇ ಡಾನ್ ಹೆಲ್ಮ್ಸ್. 1960ರ 'ಐ ಫಾಲ್ ಟು ಪೀಸಸ್'ನಲ್ಲಿ ಬೆನ್ ಕೀತ್, ಮುಂದೆ ರಾಕ್ ಗಾಯಕ ನೀಲ್ ಯಂಗ್ ಜೊತೆ ಹೆಸರಾದವನು. 1961ರ 'ಕ್ರೇಜಿ'ಯಲ್ಲಿ ವಾಲ್ಟರ್ ಹೇನ್ಸ್. ಸೆಷನ್ ದಿನ ಯಾರು ಬಿಡುವಾಗಿದ್ದರೋ, ನಿರ್ಮಾಪಕನಿಗೆ ಯಾರು ಬೇಕಿತ್ತೋ ಅವರು ಬರುತ್ತಿದ್ದರು. ಕ್ಯಾಲಿಫೋರ್ನಿಯಾದ ಬಕ್ ಓವೆನ್ಸ್ ಇದಕ್ಕೆ ಹೊರತು. 1960ರ ದಶಕದ ಮಧ್ಯದಲ್ಲಿ ತನ್ನ ತಿರುಗಾಟದ ತಂಡವನ್ನೇ ಸ್ಟುಡಿಯೋಗೂ ಕರೆತರುತ್ತಿದ್ದ. ಅದಕ್ಕೇ 1964ರ 'ಟುಗೆದರ್ ಅಗೇನ್'ನಲ್ಲಿ ಟಾಮ್ ಬ್ರಮ್ಲಿ ಇದ್ದಾನೆ.

ಊರು ಹೇಗೆ ಸಹಾಯ ಮಾಡುತ್ತದೆ ಅನ್ನುವುದಕ್ಕೆ ಬರ್ಡ್ಸ್ ಅನ್ನುವ ರಾಕ್ ತಂಡದ (ಜೆರ್ರಿ ಬರ್ಡ್‌ಗೂ ಇದಕ್ಕೂ ಸಂಬಂಧವಿಲ್ಲ) 1968ರ 'ಸ್ವೀಟ್‌ಹಾರ್ಟ್ ಆಫ್ ದ ರೋಡಿಯೋ' ಸಾಕು. ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿದ ಹಾಡುಗಳಿಗೆ ಲಾಯ್ಡ್ ಗ್ರೀನ್. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಮಾಡಿದವಕ್ಕೆ ಜೇಡೀ ಮೇನೆಸ್. ಒಂದೇ ಆಲ್ಬಮ್, ಎರಡು ಊರು, ಎರಡು ಕೈ.

ಅದೇ ಲೆಕ್ಕ ಬಡ್ಡಿ ಎಮನ್ಸ್‌ಗೂ ಬೇಕು. ಪೆಡಲ್ ಸ್ಟೀಲ್‌ನಲ್ಲಿ ಅವನಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಹಾಗಾಗಿ ಹೆಸರು ತಿಳಿಯದ ಒಳ್ಳೇ ಸೋಲೋ ಎಲ್ಲ ಅವನ ಖಾತೆಗೆ ಜಮಾ ಆಗುತ್ತದೆ. ಆದರೆ 1960ರ ದಶಕದ ಕೊನೆಯಿಂದ 1974ರವರೆಗೆ ಅವನು ಲಾಸ್ ಏಂಜಲೀಸ್‌ನಲ್ಲಿದ್ದ. ಗಾಯಕ ರೋಜರ್ ಮಿಲ್ಲರ್ ಜೊತೆ ಬಾಸ್ ಗಿಟಾರ್ ನುಡಿಸುತ್ತಿದ್ದ! 1970ರ ನ್ಯಾಶ್‌ವಿಲ್ ಹಾಡಿಗೆ ಅವನ ಹೆಸರು ಹಾಕಿದ್ದರೆ ನಾನು ಕಾಗದ ತೋರಿಸಿ ಅನ್ನುತ್ತೇನೆ. ಆ ಕಾಲದ ನ್ಯಾಶ್‌ವಿಲ್ ಅಂದರೆ ಪೀಟ್ ಡ್ರೇಕ್, ಲಾಯ್ಡ್ ಗ್ರೀನ್, ವೆಲ್ಡನ್ ಮೈರಿಕ್, ಹ್ಯಾಲ್ ರಗ್. ಮೊದಲು ಇವರನ್ನು ನೋಡಬೇಕು.

ಕಿವಿ ಪಳಗಿಸಬೇಕು ಅನ್ನುವವರು ಮೂರು ಹಾಡಿನಿಂದ ಶುರು ಮಾಡಬಹುದು. ಕಾನಿ ಸ್ಮಿತ್‌ಳ 'ಒನ್ಸ್ ಎ ಡೇ' (1964), ಮೈರಿಕ್‌ನ ಸ್ಟೀಲ್ ಹೊಳಪಾಗಿ ಮುಂದೆ ಬಂದು ನಿಲ್ಲುತ್ತದೆ, ಗಾಯಕಿಗೆ ಎದುರು ಮಾತು ಕೊಡುವ ಹಾಗೆ. ಮರ್ಲ್ ಹ್ಯಾಗರ್ಡ್‌ನ 'ದ ಬಾಟಲ್ ಲೆಟ್ ಮಿ ಡೌನ್' (1966), ರಾಲ್ಫ್ ಮೂನಿ ಸ್ವರಗಳನ್ನು ಕುಣಿಸುತ್ತಾನೆ, ಒಂದನ್ನೂ ಎಳೆಯಲು ಬಿಡುವುದಿಲ್ಲ. ಟ್ಯಾಮಿ ವೈನೆಟ್‌ಳ 'ಸ್ಟ್ಯಾಂಡ್ ಬೈ ಯುವರ್ ಮ್ಯಾನ್' (1968), ಪೀಟ್ ಡ್ರೇಕ್ ಕಡಿಮೆ ನುಡಿಸುತ್ತಾನೆ, ಬೇಕಾದ ಜಾಗದಲ್ಲಿ ಮಾತ್ರ. ಹೆಡ್‌ಫೋನ್ ಹಾಕಿ, ಗಾಯಕರನ್ನು ಬಿಟ್ಟು ಹಿಂದಿನ ಆ ಒಂದು ವಾದ್ಯವನ್ನೇ ಹಿಂಬಾಲಿಸಿ. ಬಾರ್ ಸ್ವರಕ್ಕೆ ಕೆಳಗಿನಿಂದ ಬರುತ್ತದಾ, ಮೇಲಿನಿಂದಾ? ನಡುಕ ತಕ್ಷಣ ಶುರುವಾಗುತ್ತದಾ, ತಡೆದು ಬರುತ್ತದಾ? ಸ್ವರವನ್ನು ಕತ್ತರಿಸಿ ನಿಲ್ಲಿಸುತ್ತಾನಾ, ಆರಿ ಹೋಗಲು ಬಿಡುತ್ತಾನಾ? ಮೂವರದ್ದೂ ಬೇರೆ ಬೇರೆ ಅಂತ ಕೇಳಿಸತೊಡಗಿದರೆ ಹೆಲ್ಮ್ಸ್ ಮತ್ತು ಬರ್ಡ್ ಕಡೆಗೆ ಹೋಗಿ.