ಹಳೆಯ ಕಾರಿನ ಚೇಂಬರ್ ಬೋಲ್ಟ್ ಸೋರಿದರೆ

ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ ಎಂದು ತಿಳಿದ ಕೂಡಲೇ ಹೆಚ್ಚಿನವರು ಸ್ಪ್ಯಾನರ್ ಹಿಡಿದು ಅದನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಸೋರಿಕೆಯೊಂದು ದೊಡ್ಡ ರಿಪೇರಿಯಾಗುವುದು ಅಲ್ಲಿಂದಲೇ. ಆಲ್ದೂರಿನ ಕಡೆಯ ತೋಟದ ದಾರಿಗಳಲ್ಲಿ ಓಡಾಡುವ ನಮ್ಮ ಮಾರುತಿ 800 ಕಾರು ನಮ್ಮ ಕೈಸೇರುವ ಮೊದಲೇ ಯಾರ ಯಾರದೋ ತೋಳ್ಬಲವನ್ನು ಉಂಡು ಬಂದಿತ್ತು. ಅದರ ಸೋರಿಕೆಯನ್ನು ಈ ಬೇಸಿಗೆಯಲ್ಲಿ ಬುಡದಿಂದಲೇ ಸರಿಪಡಿಸಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಬೋಲ್ಟಿನ ತುದಿಯಲ್ಲಿ ಎಣ್ಣೆ ಕಂಡಿತೆಂದ ಮಾತ್ರಕ್ಕೆ ಬೋಲ್ಟೇ ಸೋರುತ್ತಿದೆ ಎನ್ನಲು ಬರುವುದಿಲ್ಲ. ಅದು ಎಂಜಿನ್ನಿನ ಅತ್ಯಂತ ತಗ್ಗಿನ ಜಾಗವಾದ್ದರಿಂದ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್, ಆಯಿಲ್ ಫಿಲ್ಟರ್, ಆಯಿಲ್ ಪ್ರೆಶರ್ ಸ್ವಿಚ್, ಕ್ರ್ಯಾಂಕ್ ಶಾಫ್ಟಿನ ಸೀಲ್, ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಲೋಹದ ಮೈಗುಂಟ ಇಳಿದು ಕೊನೆಗೆ ಬೋಲ್ಟಿನ ತಲೆಯಲ್ಲಿಯೇ ತೊಟ್ಟಾಗಿ ನಿಲ್ಲುತ್ತದೆ. ಮಲೆನಾಡಿನಲ್ಲಿ ಇನ್ನೂ ಒಂದು ತೊಡಕಿದೆ: ಮಳೆಗಾಲವಿಡೀ ಚೇಂಬರಿಗೆ ಮೆತ್ತಿಕೊಳ್ಳುವ ಕೆಂಪು ಕೆಸರು ಸೋರಿಕೆಯನ್ನು ಮರೆಮಾಡುವುದಷ್ಟೇ ಅಲ್ಲದೆ, ತೇವವನ್ನು ಹಿಡಿದಿಟ್ಟುಕೊಂಡು ತಗಡಿನ ಚೇಂಬರಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿನಿಂದಾದ ಸೂಜಿಮೊನೆಯಷ್ಟು ತೂತು ಬೋಲ್ಟಿನ ಪಕ್ಕದಲ್ಲಿದ್ದರಂತೂ ಅದನ್ನು ಬೋಲ್ಟಿನ ಸೋರಿಕೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದ್ದರಿಂದ ಮೊದಲು ಕೆಸರನ್ನು ಕೆರೆದು, ಡೀಸೆಲ್ ಮತ್ತು ಬ್ರಷ್‌ನಿಂದ ಚೇಂಬರನ್ನು ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಸಾದಾ ಪೌಡರನ್ನು ಅದರ ಮೇಲೆಲ್ಲ ಉದುರಿಸಿದೆವು. ಸ್ವಲ್ಪ ದೂರ ಓಡಿಸಿ ತಂದು ನೋಡಿದಾಗ ಮೇಲ್ಭಾಗದ ಪೌಡರ್ ಬೆಳ್ಳಗೇ ಉಳಿದಿದ್ದು, ಬೋಲ್ಟಿನ ಸುತ್ತಲಿನ ಉಂಗುರದಷ್ಟು ಜಾಗ ಮಾತ್ರ ಕಪ್ಪಗೆ ನೆನೆದಿತ್ತು.

ತೊಟ್ಟು ಎಣ್ಣೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ನಿಮಿಷಕ್ಕೊಂದು ತೊಟ್ಟು ಬಿದ್ದರೆ ದಿನಕ್ಕೆ 1,440 ತೊಟ್ಟುಗಳಾಗುತ್ತವೆ. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಅಂದಾಜು ಮಾಡಿದರೂ ಅದು 72 ಮಿಲಿಲೀಟರ್, ಎಂದರೆ ಎರಡು ವಾರಕ್ಕೆ ಸುಮಾರು ಒಂದು ಲೀಟರ್. ಈ ಪುಟ್ಟ ಎಂಜಿನ್ ಹಿಡಿಯುವುದೇ ಮೂರು ಲೀಟರಿನ ಆಸುಪಾಸು. ಎಣ್ಣೆ ತಗ್ಗಿದ ಕಾರನ್ನು ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಓಡಿಸಿದರೆ ಉಳಿದ ಎಣ್ಣೆ ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುವ ಸಂಭವವಿರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವು ಎಣ್ಣೆಯ ಒತ್ತಡವನ್ನು ಮಾತ್ರ ತಿಳಿಸುತ್ತದೆಯೇ ಹೊರತು ಮಟ್ಟವನ್ನಲ್ಲ. ಮಟ್ಟ ತಿಳಿಯಲು ಡಿಪ್‌ಸ್ಟಿಕ್ಕನ್ನೇ ಎಳೆದು ನೋಡಬೇಕು. ಅಲ್ಲದೆ, ಕಾಫಿ ಒಣಗಿಸುವ ಕಣದಲ್ಲಿ ಇಂಥ ಕಾರನ್ನು ನಿಲ್ಲಿಸುವುದನ್ನು ತೋಟದವರು ಯಾರೂ ಸಹಿಸುವುದಿಲ್ಲ.

ಇನ್ನು ಬೋಲ್ಟಿನ ವಿಷಯ. ಎಣ್ಣೆಯನ್ನು ತಡೆಯುವುದು ಬೋಲ್ಟಿನ ಥ್ರೆಡ್ ಅಲ್ಲ, ಅದರ ತಲೆಗೂ ಚೇಂಬರಿಗೂ ನಡುವೆ ಇರುವ ಮೆದು ವಾಷರ್. ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಆದ ಈ ವಾಷರ್ ಬಿಗಿದಾಗ ತುಸು ನಜ್ಜಿ, ಎರಡೂ ಮುಖಗಳ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತದೆ. ಒಮ್ಮೆ ನಜ್ಜಿದ ಮೇಲೆ ಅದು ಗಡುಸಾಗುವುದರಿಂದ ಎರಡನೆಯ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಹೊಸದು ಸಿಗದಿದ್ದರೆ ತಾಮ್ರದ ವಾಷರನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಅದು ಮತ್ತೆ ಮೆದುವಾಗುತ್ತದೆ. ಕಾಯಿಸಿದ ಉಕ್ಕನ್ನು ನೀರಿಗೆ ಹಾಕಿದರೆ ಅದು ಗಡುಸಾಗುತ್ತದೆ, ತಾಮ್ರ ಹಾಗಾಗುವುದಿಲ್ಲ. ನಮ್ಮ ಕಾರಿನ ಬೋಲ್ಟಿಗೆ ಬೇಕಾದ ಬಿಗಿತ 35 ನ್ಯೂಟನ್ ಮೀಟರಿನಷ್ಟು, ಅಂದರೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯನ್ನು ಸುಮಾರು 12 ಕಿಲೋ ತೂಕದಷ್ಟು ಬಲದಿಂದ ಎಳೆದರೆ ಸಾಕು. ಅದೇ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎರಡು ಅಡಿ ಮಾಡಿಕೊಂಡು 30 ಕಿಲೋ ಭಾರ ಬಿಟ್ಟರೆ ಅದು ಐದು ಪಟ್ಟಾಗುತ್ತದೆ. ಚೇಂಬರಿನ ಒಳಗಿನ ನಟ್ಟು ಅದನ್ನು ಎಷ್ಟು ಸಲ ತಾಳೀತು?

ನಮ್ಮ ನಟ್ಟು ತಾಳಿರಲಿಲ್ಲ. ಎಣ್ಣೆ ಬಸಿದು ಬೋಲ್ಟನ್ನು ತೆಗೆದಾಗ ಅದರ ಥ್ರೆಡ್ಡಿನ ಸಂದುಗಳಲ್ಲಿ ಸುರುಳಿ ಸುರುಳಿಯಾದ ಲೋಹದ ಎಳೆಗಳಿದ್ದವು. ಹೊಸ ವಾಷರ್ ಹಾಕಿ ತಿರುಗಿಸಿದರೂ ಬಿಗಿಯಾಗುವ ಹಂತದಲ್ಲಿ ಅದು ಜಾರಿ ಸುಮ್ಮನೆ ತಿರುಗುತ್ತಿತ್ತು. ಇಂಥ ಸ್ಥಿತಿಯಲ್ಲಿ ಟೆಫ್ಲಾನ್ ಟೇಪ್ ಸುತ್ತುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಹೋದ ಥ್ರೆಡ್ಡಿಗೆ ಟೇಪು ಹಿಡಿತ ಕೊಡಲಾರದು, ಅದರ ಚೂರುಗಳು ಒಳಗೆ ಸೇರಿ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ತನ್ನ ಥ್ರೆಡ್ಡನ್ನು ತಾನೇ ಕೊರೆದುಕೊಳ್ಳುವ ದಪ್ಪ ಬೋಲ್ಟುಗಳು, ಕಾರು ದಾರಿಯಲ್ಲಿ ಕೈಕೊಟ್ಟಾಗ ಊರು ಸೇರಲು ಸರಿಯೇ, ಆದರೆ ಅವು ನೆಟ್ಟಗೆ ಕೂರುವುದು ಅಪರೂಪ. ಥ್ರೆಡ್ ಮೇಲೆ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಓಡಿಸಿ ನೋಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಈ ಬೋಲ್ಟು 14 ಮಿಲಿಮೀಟರಿನದು, ಅದರ ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, 1.5 ಮಿಲಿಮೀಟರ್. ಗ್ಯಾರೇಜುಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಸ್ಪಾರ್ಕ್ ಪ್ಲಗ್ಗಿನ ಟ್ಯಾಪ್. ಅದೂ 14 ಮಿಲಿಮೀಟರಿನದೇ, ಆದರೆ ಪಿಚ್ 1.25. ಅದನ್ನು ಇಲ್ಲಿ ಓಡಿಸಿದರೆ ಉಳಿದಿರುವ ಥ್ರೆಡ್ಡೂ ಹಾಳಾಗುತ್ತದೆ.

ಆದ್ದರಿಂದ ಚೇಂಬರನ್ನೇ ಬಿಚ್ಚಿ ಚಿಕ್ಕಮಗಳೂರಿನ ಒಂದು ಲೇತ್ ಅಂಗಡಿಗೆ ಒಯ್ದೆವು. ಅಲ್ಲಿನ ಹಿರಿಯರು ಅದನ್ನು ತಿರುಗಿಸಿ ನೋಡಿ, "ಇದನ್ನ ಮೊದ್ಲು ಪೂರ್ತಿ ತೊಳ್ಕೊಂಡ್ ಬನ್ನಿ ಸಾರ್, ಎಣ್ಣೆ ಇದ್ರೆ ವೆಲ್ಡಿಂಗ್ ಹಿಡಿಯಲ್ಲ" ಎಂದು ಹಿಂದಕ್ಕೆ ಕೊಟ್ಟರು. ಅದು ನಿಜ: ಎಣ್ಣೆ ಉಳಿದ ಲೋಹದ ಮೇಲೆ ಬೆಸುಗೆಯೊಳಗೆ ಗುಳ್ಳೆಗಳೆದ್ದು, ಆ ಗುಳ್ಳೆಗಳೇ ಮುಂದೆ ಸೋರುವ ದಾರಿಗಳಾಗುತ್ತವೆ. ತೊಳೆದು ತಂದ ಮೇಲೆ ಅವರು ಹಳೆಯ ನಟ್ಟನ್ನು ಕೊರೆದು ತೆಗೆದು, ಹೊಸದಾಗಿ ಕಡೆದ ದಪ್ಪ ಉಕ್ಕಿನ ಬುಷ್ಷನ್ನು ಆ ಜಾಗಕ್ಕೆ ಕೂರಿಸಿ ಸುತ್ತಲೂ ಬೆಸೆದರು. ಬೆಸುಗೆಯ ಕಾವಿಗೆ ಬುಷ್ಷಿನ ಮುಖ ಸ್ವಲ್ಪವಾದರೂ ಸೊಟ್ಟಗಾಗುತ್ತದೆ, ವಾಷರ್ ಕೂರುವುದು ಅದೇ ಮುಖದ ಮೇಲೆ. ಅದಕ್ಕಾಗಿ ಬೆಸೆದ ನಂತರವೇ ಮುಖವನ್ನು ಸಮತಟ್ಟು ಮಾಡಿ, ಥ್ರೆಡ್ಡನ್ನೂ ಕೊನೆಯಲ್ಲಿಯೇ ಹೊಡೆದರು. ನನಗೆ ಬಹಳ ಹಿಡಿಸಿದ್ದು ಅವರು ಮಾಡಿದ ಪರೀಕ್ಷೆ. ಬೆಸುಗೆಯ ಹೊರಮೈಗೆ ಸೀಮೆಸುಣ್ಣವನ್ನು ಉಜ್ಜಿ, ಬೋಲ್ಟ್ ಹಾಕಿ, ಚೇಂಬರಿನೊಳಗೆ ಸೀಮೆಎಣ್ಣೆ ಸುರಿದು ಇಟ್ಟರು. ನೀರಿಗಿಂತಲೂ ಸಣ್ಣ ಸಂದಿನಲ್ಲಿ ನುಸುಳುವ ಸೀಮೆಎಣ್ಣೆಯು ಎಲ್ಲಿಯಾದರೂ ಹೊರಬಂದರೆ ಸುಣ್ಣದ ಮೇಲೆ ಕೂಡಲೇ ಕಲೆ ಕಾಣಿಸುತ್ತದೆ. ಗಂಟೆಗಳ ನಂತರವೂ ಸುಣ್ಣ ಒಣಗಿಯೇ ಇತ್ತು.

ಚೇಂಬರನ್ನು ಮತ್ತೆ ಜೋಡಿಸುವ ಮೊದಲು ಅದರ ಅಂಚನ್ನೂ ನೋಡಬೇಕು. ಹಿಂದೆ ಅತಿಯಾಗಿ ಬಿಗಿದ ಬೋಲ್ಟುಗಳಿಂದ ತೂತಿನ ಸುತ್ತಲಿನ ತಗಡು ಉಬ್ಬಿರುತ್ತದೆ, ಅದನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡದಿದ್ದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್, ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಿಂದ ಬಿಗಿದು, ಎಣ್ಣೆ ತುಂಬಿ, ರಾತ್ರಿಯಿಡೀ ಅಡಿಯಲ್ಲಿ ರಟ್ಟು ಹಾಸಿ ಬಿಟ್ಟೆವು. ರಟ್ಟು ಹಾಸಿದಂತೆಯೇ ಇತ್ತು. ಬಸಿದ ಹಳೆಯ ಎಣ್ಣೆಯನ್ನು ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಗಳಿಗೆ ಬಳಿಯುವ ರೂಢಿ ನಮ್ಮಲ್ಲಿದೆ. ಮಳೆಯಲ್ಲಿ ಅದು ಹಳ್ಳಕ್ಕೇ ಇಳಿಯುವುದರಿಂದ ನಾನು ಅದನ್ನು ಕ್ಯಾನಿನಲ್ಲಿ ತುಂಬಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವವರಿಗೆ ಕೊಡುತ್ತೇನೆ.

ಆಯಿಲ್ ಬದಲಿಸುವ ದಿನ ಗ್ಯಾರೇಜಿನಲ್ಲಿ ಸರಿಯಾದ ಅಳತೆಯ ವಾಷರ್ ಇಲ್ಲದೆ ಹಳೆಯದನ್ನೇ ಹಾಕಿಬಿಡುವುದು ಸಾಮಾನ್ಯ. ಅದಕ್ಕಾಗಿ ಒಳವ್ಯಾಸ 14 ಮಿಲಿಮೀಟರಿನ ತಾಮ್ರದ ವಾಷರುಗಳನ್ನು ಕಾರಿನಲ್ಲಿಯೇ, ಸ್ಪ್ಯಾನರುಗಳ ಚೀಲದೊಳಗೆ ಇಟ್ಟಿದ್ದೇನೆ.